ಅಪ್ಪನ ಪೇಟಿ, ಮೊಮ್ಮಗಳ ಗಿಟಾರ್

ಅರವತ್ತು ದಾಟಿದ ಮೇಲೆ ನಮ್ಮ ಕಡೆಯ ಗಂಡಸರು ಕೈಯಲ್ಲಿ ಕೋಲು ಹಿಡಿಯುತ್ತಾರೆ, ಇಲ್ಲವೇ ಮೊಬೈಲು ಹಿಡಿಯುತ್ತಾರೆ. ನಾನು ಗಿಟಾರ್ ಹಿಡಿದೆ. ಕುಷ್ಟಗಿಯ ನಮ್ಮ ಓಣಿಯಲ್ಲಿ ಇದು ನಾಲ್ಕು ದಿನ ಸುದ್ದಿಯಾಯಿತು. ಹಾಲು ಹಾಕಲು ಬಂದವರು ಬಾಗಿಲಲ್ಲೇ ನಿಂತು, "ಮಾಸ್ತರ, ಇದು ಯಾರದ್ರೀ?" ಎಂದು ಕೇಳಿದರು. "ಮೊಮ್ಮಗಳದು" ಎಂದೆ. ಅದು ಸುಳ್ಳೇನಲ್ಲ. ಆದರೆ ಬಾರಿಸುವವನು ನಾನು ಎಂದು ಹೇಳಲು ನಾಚಿಕೆಯಾಯಿತು.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ, ಕೊಪ್ಪಳದಲ್ಲಿರುವ ನನ್ನ ಮಗ ತನ್ನ ಮಗಳಿಗೆಂದು ಆ ಗಿಟಾರ್ ತಂದಿದ್ದ. ಅವಳು ಮೊಬೈಲ್ ನೋಡಿಕೊಂಡು ನಾಲ್ಕು ತಿಂಗಳು ಕಲಿತಳು. ಬೆರಳ ತುದಿ ಉರಿಯುತ್ತದೆ ಎಂದು ಬಿಟ್ಟಳು. ಶಾಲೆ ತೆರೆಯಿತು, ಗಿಟಾರ್ ಮಂಚದ ಕೆಳಗೆ ಸೇರಿತು. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ. 38 ವರ್ಷ ಸೀಮೆಸುಣ್ಣ ಹಿಡಿದ ಕೈ ಸುಮ್ಮನೆ ಕೂರಲು ಒಪ್ಪುತ್ತಿರಲಿಲ್ಲ. ಒಂದು ದಿನ ಆ ಗಿಟಾರಿನ ಧೂಳು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕುಷ್ಟಗಿಗೆ ತಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಬೇಕೇನೋ ಎಂಬಂತೆ ನೋಡಿದ.

ಒಂದು ವರ್ಷದಲ್ಲಿ ಸಿ, ಎಫ್, ಜಿ ಎಂಬ ಮೂರು ಕಾರ್ಡ್ ಕಲಿತೆ. ಗಿಟಾರ್ ಗೊತ್ತಿಲ್ಲದ ಅಜ್ಜ-ಅಜ್ಜಿಯರಿಗೆ ಒಂದು ಮಾತು: ಕಾರ್ಡ್ ಎಂದರೆ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ಸ, ಗ, ಪ ಮೂರನ್ನೂ ಒಮ್ಮೆಗೇ ಒತ್ತಿದರೆ ಅದೊಂದು ಕಾರ್ಡ್. ಗಿಟಾರಿಗೆ ಆರು ತಂತಿ. ಎಡಗೈ ಬೆರಳಿನಿಂದ ತಂತಿ ಒತ್ತಿ ಹಿಡಿದು, ಬಲಗೈಯಿಂದ ಆರನ್ನೂ ಸವರಿದರೆ 'ಝಣ್' ಎನ್ನುತ್ತದೆ. ಮೂರು ಕಾರ್ಡ್ ಬಂದರೆ ನೂರಾರು ಹಾಡಿಗೆ ಜೊತೆ ಬಾರಿಸಬಹುದು ಎನ್ನುತ್ತಾರೆ. ನಾನೂ ಹಾಗೇ ನಂಬಿದೆ.

ಆ ನಂಬಿಕೆ ಮುರಿದದ್ದು ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ.

ಅವಳು ಒಂದು ಜನಪದ ಹಾಡು ಹಾಡಬೇಕಿತ್ತು. "ಅಜ್ಜಾ, ನೀ ಗಿಟಾರ್ ಬಾರಸು" ಎಂದು ಅವಳೇ ಕರೆದಳು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ವೇದಿಕೆ ಹತ್ತಿದೆ. ಮೊದಲ ನುಡಿ ಸರಿಯಾಗಿಯೇ ಹೋಯಿತು. ಎರಡನೆಯ ನುಡಿಯಲ್ಲಿ ಎಫ್ ಕಾರ್ಡ್ ಬಂತು. ಅದಕ್ಕೆ ತೋರುಬೆರಳನ್ನು ಉದ್ದಕ್ಕೂ ಮಲಗಿಸಿ ಆರೂ ತಂತಿಗಳನ್ನು ಒತ್ತಬೇಕು. ಬಾರ್ ಕಾರ್ಡ್ ಎಂದು ಅದಕ್ಕೆ ಹೆಸರು. ನನ್ನ ಬೆರಳಿನ ಗೆಣ್ಣುಗಳಿಗೆ ಸಂದುವಾತ. ಬೆರಳು ಹೋಗಿ ಕೂರುವಷ್ಟರಲ್ಲಿ ಅರ್ಧ ಮಾತ್ರೆ ತಪ್ಪುತ್ತಿತ್ತು. ಅವಳು ನನಗಾಗಿ ಒಂದು ಚೂರು ಕಾದಳು. ಮತ್ತೆ ಎಫ್ ಬಂತು, ಮತ್ತೆ ಕಾದಳು. ಮೂರನೆಯ ನುಡಿಯಲ್ಲಿ ನಾನೊಂದು ಕಡೆ, ಅವಳೊಂದು ಕಡೆ. ಅವಳು ಹಾಡು ನಿಲ್ಲಿಸಿ ಹಿಂತಿರುಗಿ ನನ್ನ ಕಡೆ ನೋಡಿದಳು. ಸಭೆಯವರು ಪಾಪ ಎಂದು ಚಪ್ಪಾಳೆ ತಟ್ಟಿದರು. ಅವಳು ಮತ್ತೆ ಮೊದಲಿನಿಂದ ಶುರು ಮಾಡಿ, ನನ್ನನ್ನು ಬಿಟ್ಟು, ತಾನೊಬ್ಬಳೇ ಹಾಡಿ ಮುಗಿಸಿದಳು.

ಮನೆಗೆ ಬರುವಾಗ ಅವಳು ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡುತ್ತಲೇ ಹೇಳಿದಳು: "ಅಜ್ಜಾ, ಮುಂದಿನ ಸಲ ನಾ ಒಬ್ಬಾಕೀನ ಹಾಡ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಹನ್ನೆರಡು ವರ್ಷದ ಹುಡುಗಿ ಅಜ್ಜನಿಗೆ ನೋವಾಗಬಾರದೆಂದು ಅಷ್ಟು ಮೆಲ್ಲಗೆ ಹೇಳಿದ್ದೇ ನನಗೆ ಹೆಚ್ಚು ನೋವಾಯಿತು.

ಗಂಗಾವತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಹಗಲು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಮದುವೆ ಸುಗ್ಗಿಯಲ್ಲಿ ಆರ್ಕೆಸ್ಟ್ರಾಕ್ಕೆ ಗಿಟಾರ್ ಬಾರಿಸುತ್ತಾನೆ. ಅವನಿಗೆ ಫೋನ್ ಮಾಡಿದೆ. "ಬರ್ರೀ ಸರ್, ಶನಿವಾರ ಸಂಜೀಕ ಖಾಲಿ ಇರ್ತೀನಿ" ಎಂದ.

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿಗೆ ಹೋಗುವ ದಾರಿ ನನಗೆ ಇಷ್ಟ. ನಮ್ಮ ಕಡೆ ಮಳೆ ನಂಬಿದ ಒಣಭೂಮಿ. ಸಜ್ಜೆ, ಜೋಳ, ಅಲ್ಲಲ್ಲಿ ದಾಳಿಂಬೆ ತೋಟ. ಗಂಗಾವತಿ ಹತ್ತಿರವಾದಂತೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಾಣುತ್ತದೆ, ಕಣ್ಣು ಹರಿಯುವಷ್ಟು ದೂರ ಹಸಿರು ಭತ್ತ. ಒಂದೇ ಜಿಲ್ಲೆಯಲ್ಲಿ ಎರಡು ಬೇರೆ ಲೋಕ. ಕನಕಗಿರಿ ದಾಟುವಾಗ ಹಳೆಯ ಗಾದೆ ನೆನಪಾಯಿತು: ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು. ಬೆರಳಿದ್ದವರು ಎಫ್ ಬಾರಿಸಬೇಕು, ಇಲ್ಲದವರು ಏನು ಮಾಡಬೇಕು ಎಂದು ಯೋಚಿಸುತ್ತಾ ಕೂತೆ.

ಅವನು ನನ್ನ ಬಾರಿಸುವಿಕೆಯನ್ನು ಎರಡು ನಿಮಿಷ ಕೇಳಿದ. ನಂತರ ನನ್ನ ಕೈಯಿಂದ ಗಿಟಾರ್ ತೆಗೆದುಕೊಂಡು ಕೇಳಿದ: "ಸರ್, ಆರೂ ತಂತಿ ಯಾಕ್ರೀ ಬೇಕು? ಸ್ವರ ಇರೋದು ಮೂರ ಅಲ್ರೀ?"

ನಾನು ಉತ್ತರ ಕೊಡಲಿಲ್ಲ. 38 ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಅವತ್ತು ಉತ್ತರ ಗೊತ್ತಿರಲಿಲ್ಲ.

ಅವನು ಕೆಳಗಿನ ಮೂರು ಸಣ್ಣ ತಂತಿಗಳನ್ನು ಮಾತ್ರ ಮುಟ್ಟಿದ. ಅವೇ ಮೂರು ಸ್ವರಗಳನ್ನು ಮೂರು ಕಡೆ, ಮೂರು ಬಗೆಯಲ್ಲಿ ನುಡಿಸಿ ತೋರಿಸಿದ. "ಇದು ರೂಟ್ ಪೊಸಿಷನ್, ಇದು ಫಸ್ಟ್ ಇನ್ವರ್ಶನ್, ಇದು ಸೆಕೆಂಡ್ ಇನ್ವರ್ಶನ್" ಎಂದ. ಒಂದು ಕಾಗದದ ಮೇಲೆ ಅಂಕಿಗಳನ್ನು ಬರೆದುಕೊಟ್ಟ. ನಾನು ತಲೆಯಾಡಿಸಿದೆ. ಅರ್ಥವಾಗದೆ ತಲೆಯಾಡಿಸುವ ಮಕ್ಕಳನ್ನು ಎಷ್ಟು ಕಂಡಿಲ್ಲ ನಾನು! ಅವನೂ ಕಂಡುಹಿಡಿದಿರಬೇಕು. "ಮನೀಗೆ ಹೋಗಿ ನಿಧಾನಕ ನೋಡ್ರಿ" ಎಂದು ನಕ್ಕ.

ಮನೆಯಲ್ಲಿ ಆ ಕಾಗದ ಎರಡು ದಿನ ಮೇಜಿನ ಮೇಲೆ ಬಿದ್ದಿತ್ತು. ಮೂರನೆಯ ದಿನ ಅಟ್ಟದ ಮೇಲಿದ್ದ ಅಪ್ಪನ ಪೇಟಿಯನ್ನು ಇಳಿಸಿದೆ.

ಪೇಟಿ ಎಂದರೆ ಹಾರ್ಮೋನಿಯಂ. ಮಕ್ಕಳೇ, ಈ ವಾದ್ಯದ ಕಥೆ ಗೊತ್ತೇ? ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೆ ಎಂಬುವರು ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಮಾಡಿದರು. ನಮ್ಮವರು ನೆಲದ ಮೇಲೆ ಕೂತು ಹಾಡುವವರು. ಹಾಗಾಗಿ 1875ರ ಸುಮಾರಿಗೆ ಕಲ್ಕತ್ತದ ದ್ವಾರಕಾನಾಥ ಘೋಷ್ ಅವರು ಕೈಯಿಂದ ಗಾಳಿ ಹಾಕುವ, ನೆಲದ ಮೇಲಿಡುವ ಪೇಟಿ ಮಾಡಿದರು. ಅಲ್ಲಿಂದ ಅದು ಭಜನೆಗೆ, ನಾಟಕಕ್ಕೆ, ನಮ್ಮ ಹಳ್ಳಿಯ ಗುಡಿಗೆ ಬಂತು. ನಮ್ಮ ಸಂಗೀತದ ಗಮಕ, ಮೀಂಡುಗಳು ಇದರಲ್ಲಿ ಬರುವುದಿಲ್ಲ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ಒಳಗೇ ಬಿಟ್ಟಿರಲಿಲ್ಲ. ನಮ್ಮೂರ ಗುಡಿಗೆ ಮಾತ್ರ ಅಂಥ ನಿಷೇಧ ಇರಲಿಲ್ಲ.

ನನ್ನ ಊರು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಎರೆಹೊಲದ ನಡುವೆ ಮೂರು ಓಣಿ, ಒಂದು ಗುಡಿ. ಅಪ್ಪ ಒಕ್ಕಲುತನ ಮಾಡುತ್ತಿದ್ದ. ಶ್ರಾವಣದ ಭಜನೆಗೆ, ಊರಿನ ಹುಡುಗರ ನಾಟಕಕ್ಕೆ ಅವನದೇ ಪೇಟಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಊರಿಗೆ ಬಂದಾಗ ಅವರ ಪಕ್ಕ ಕೂತು, ನೋಡಿ ನೋಡಿ ಕಲಿತವನು. ಓದು ಬರಹ ಹೆಚ್ಚು ಇಲ್ಲ. ಸ್ವರದ ಹೆಸರು ಗೊತ್ತಿತ್ತು, ಅಷ್ಟೇ. ನಾನು ಅವನ ಎದುರು ಕೂತು ಬೆಳಕಿಗೆ ಕಂದೀಲು ಹಿಡಿಯುತ್ತಿದ್ದೆ. ಹಾಗಾಗಿ ಅವನ ಮುಖಕ್ಕಿಂತ ಅವನ ಬಲಗೈ ನನಗೆ ಚೆನ್ನಾಗಿ ನೆನಪಿದೆ.

ಪೇಟಿಯ ಒಂದೆರಡು ಮನೆ ಸತ್ತಿದ್ದವು, ಉಳಿದವು ನುಡಿದವು. ಬಿಳಿ ಒಂದನ್ನು ಸ ಮಾಡಿಕೊಂಡು ಸ-ಗ-ಪ ಒತ್ತಿದೆ. ಇದು ಸಿ ಕಾರ್ಡ್. ಇನ್ನು ಎಫ್ ಕಾರ್ಡ್ ಎಂದರೆ ಮ-ಧ-ಸ. ನಾನು ಇಡೀ ಕೈ ಎತ್ತಿ ಮ ಹತ್ತಿರ ಒಯ್ದೆ. ಆಗ ಅಪ್ಪನ ಕೈ ಕಣ್ಣ ಮುಂದೆ ಬಂತು. ಅಪ್ಪ ಹೀಗೆ ಕೈ ಎತ್ತುತ್ತಿರಲಿಲ್ಲ. ಅವನ ಹೆಬ್ಬೆರಳು ಸ ಮೇಲೆ ಕೂತೇ ಇರುತ್ತಿತ್ತು. ಉಳಿದ ಎರಡು ಬೆರಳು ಮಾತ್ರ ಪಕ್ಕಕ್ಕೆ ಸರಿಯುತ್ತಿದ್ದವು.

ಹಾಗೇ ಮಾಡಿದೆ. ಸ ಅಲ್ಲೇ ಇರಲಿ. ಗ ಹೋಗಿ ಪಕ್ಕದ ಮ ಆಗಲಿ, ಪ ಹೋಗಿ ಪಕ್ಕದ ಧ ಆಗಲಿ. ಸ-ಮ-ಧ. ಅವೇ ಮೂರು ಸ್ವರ! ಮ-ಧ-ಸ ಬದಲು ಸ-ಮ-ಧ, ಅಷ್ಟೇ. ಸಾಲಿನಲ್ಲಿ ಮೊದಲು ಯಾರು ನಿಂತಿದ್ದಾರೆ ಎಂಬುದು ಮಾತ್ರ ಬದಲಾಗಿದೆ.

ಇನ್ನು ಜಿ ಕಾರ್ಡ್: ಪ-ನಿ-ರಿ. ಈಗ ಪ ಅಲ್ಲೇ ಇರಲಿ. ಸ ಒಂದು ಮೆಟ್ಟಿಲು ಇಳಿದು ನಿ ಆಗಲಿ, ಗ ಇಳಿದು ರಿ ಆಗಲಿ. ನಿ-ರಿ-ಪ. ಕೈ ಇದ್ದಲ್ಲೇ ಇದೆ!

ಮಕ್ಕಳೇ, ಇನ್ವರ್ಶನ್ ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇಷ್ಟೇ. ಒಂದು ಮೋಟರ್‌ಸೈಕಲ್ ಮೇಲೆ ಮೂವರು ಅಣ್ಣತಮ್ಮಂದಿರು ಕೂತಿದ್ದಾರೆ ಎಂದುಕೊಳ್ಳಿ (ಹಾಗೆ ಕೂರಬಾರದು, ಪೊಲೀಸರು ಹಿಡಿಯುತ್ತಾರೆ, ಲೆಕ್ಕಕ್ಕೆ ಮಾತ್ರ). ಇವತ್ತು ದೊಡ್ಡವನು ಮುಂದೆ ಕೂತು ಓಡಿಸುತ್ತಾನೆ, ನಾಳೆ ನಡುವಿನವನು, ನಾಡಿದ್ದು ಸಣ್ಣವನು. ಮನೆತನ ಅದೇ, ಗಾಡಿ ಅದೇ. ಮುಂದೆ ಕೂತವನು ಬೇರೆ. ಸ-ಗ-ಪ, ಗ-ಪ-ಸ, ಪ-ಸ-ಗ. ಮೂರು ಸ್ವರಕ್ಕೆ ಮೂರೇ ಸರದಿ.

ಅಪ್ಪನಿಗೆ ಇನ್ವರ್ಶನ್ ಎಂಬ ಶಬ್ದ ಗೊತ್ತಿರಲಿಲ್ಲ. ಕೆಲಸ ಗೊತ್ತಿತ್ತು. ಅವನು ಹೇಳುತ್ತಿದ್ದ ಮಾತು ಆಗ ನೆನಪಾಯಿತು: "ಪೇಟಿ ಹಾಡೋರ ಬೆನ್ನಿಗೆ ನಿಲ್ಲಬೇಕು. ಮುಂದ ಓಡಬಾರದು, ಹಿಂದ ಉಳೀಬಾರದು." ವಾರ್ಷಿಕೋತ್ಸವದಲ್ಲಿ ನಾನು ಹಿಂದೆ ಉಳಿದದ್ದು ಮಾತ್ರವಲ್ಲ, ಆರು ತಂತಿಯ ಗದ್ದಲದಲ್ಲಿ ಆ ಸಣ್ಣ ದನಿಯನ್ನು ಮುಳುಗಿಸಿಯೂ ಇದ್ದೆ.

ಈಗ ಕಾಗದದ ಅಂಕಿಗಳು ಮಾತಾಡತೊಡಗಿದವು. ಗಿಟಾರ್ ಇರುವ ಮಕ್ಕಳಿಗಾಗಿ ಅವನ್ನು ಇಲ್ಲಿ ಬರೆಯುತ್ತೇನೆ. ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳಿರುತ್ತವೆ, ಫ್ರೆಟ್ ಎನ್ನುತ್ತಾರೆ. ಚೌಕಾಬಾರದ ಹಾಗೆ ನಾನು ಅವನ್ನು ಮನೆ ಎನ್ನುತ್ತೇನೆ. ಎಲ್ಲಕ್ಕಿಂತ ಸಣ್ಣ ತಂತಿ ಒಂದನೆಯದು, ಅದರ ಮೇಲಿನದು ಎರಡನೆಯದು, ಅದರ ಮೇಲಿನದು ಮೂರನೆಯದು.

ಸ ಕಾರ್ಡ್: ಮೂರನೆಯ ತಂತಿ 5ನೇ ಮನೆ, ಎರಡನೆಯ ತಂತಿ 5ನೇ ಮನೆ, ಒಂದನೆಯ ತಂತಿ 3ನೇ ಮನೆ. ನುಡಿಯುವುದು ಸ-ಗ-ಪ.

ಮ ಕಾರ್ಡ್: ಅದೇ ಕ್ರಮದಲ್ಲಿ 5, 6, 5. ನುಡಿಯುವುದು ಸ-ಮ-ಧ.

ಪ ಕಾರ್ಡ್: 4, 3, 3. ನುಡಿಯುವುದು ನಿ-ರಿ-ಪ.

ನೋಡಿ, ಮೂರೂ ಕಾರ್ಡ್ 3ರಿಂದ 6ನೇ ಮನೆಯೊಳಗೆ ಮುಗಿದವು. ಹಳೆಯ ರೀತಿಯಲ್ಲಿ ಕೈ ಮೇಲಕ್ಕೂ ಕೆಳಕ್ಕೂ ಹಾರಬೇಕಿತ್ತು. ಈಗ ಬೆರಳು ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋದ ಹಾಗೆ ಹೋಗಿ ಬರುತ್ತದೆ. ನನ್ನ ವೈರಿಯಾಗಿದ್ದ ಎಫ್‌ನಲ್ಲಿ ಆರು ತಂತಿ ಒತ್ತುವ ಕಷ್ಟವೇ ಇಲ್ಲ. ಪ ಕಾರ್ಡಿನಲ್ಲಿ ತೋರುಬೆರಳು ಎರಡು ತಂತಿ ಒತ್ತಿದರೆ ಸಾಕು. ಇನ್ನೂ ಒಂದು ಲಾಭ ಇದೆ. ಮೊಮ್ಮಗಳ ದನಿ ಬಿಳಿ ಎರಡಕ್ಕೆ ಹೊಂದುತ್ತದೆ. ಇಲ್ಲಿ ಖಾಲಿ ತಂತಿ ಯಾವುದೂ ನುಡಿಯುವುದಿಲ್ಲವಾದ್ದರಿಂದ, ಇಡೀ ಕೈಯನ್ನು ಎರಡು ಮನೆ ಮೇಲಕ್ಕೆ ಸರಿಸಿದರಾಯಿತು. ಬೆರಳಿನ ಆಕಾರ ಬದಲಾಗುವುದಿಲ್ಲ.

ಎಡಗೈ ದಾರಿಗೆ ಬಂತು. ಆದರೆ ತಾಳ? ಮುಂದಿನ ಶನಿವಾರ ಮತ್ತೆ ಗಂಗಾವತಿಗೆ ಹೋದೆ.

"ಛಲೋ ಆತು ಸರ್. ಆದ್ರ ಕಾರ್ಡ್ ಬದಲಿ ಮಾಡುವಾಗ ನಿಮ್ಮ ಬಲಗೈ ಇನ್ನೂ ನಿಲ್ತೈತಿ" ಎಂದ ಅವನು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದ. ಕೆಹರವಾ, ಎಂಟು ಮಾತ್ರೆ. ಧಾ ಗೆ ನಾ ತಿ, ನ ಕ ಧಿ ನ. ಆ ಬೆರಳುಗಳು ಮರದ ಮೇಲೆ ಕುಣಿಯುವುದನ್ನು ನೋಡುತ್ತಿದ್ದ ಹಾಗೇ ನನ್ನ ಎದೆಯಲ್ಲಿ ಏನೋ ಕಳಚಿದಂತಾಯಿತು.

ಆ ಬೆರಳುಗಳನ್ನು ನಾನು ಮೊದಲೂ ನೋಡಿದ್ದೆ.

1997. ಆ ವರ್ಷ ಆಗಸ್ಟ್‌ನಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಹೊಸ ಜಿಲ್ಲೆಯಾಯಿತು. ಮಕ್ಕಳಿಗೆ ಹೊಸ ಜಿಲ್ಲೆಯ ತಾಲ್ಲೂಕುಗಳ ಹೆಸರು ಬಾಯಿಪಾಠ ಮಾಡಿಸುತ್ತಿದ್ದೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಹಿಂದಿನ ಸಾಲಿನ ಒಬ್ಬ ಹುಡುಗ ಆ ನಾಲ್ಕು ಹೆಸರಿಗೂ ಬೆಂಚಿನ ಮೇಲೆ ತಾಳ ಹಾಕುತ್ತಿದ್ದ. ತಾಳ ಸರಿಯಾಗಿಯೇ ಇತ್ತು ಎಂದು ಈಗ ಅನಿಸುತ್ತದೆ. ಅವತ್ತು ನನಗೆ ಕಂಡದ್ದು ಅಶಿಸ್ತು ಮಾತ್ರ. "ಇದು ಸಾಲಿ, ಜಾತ್ರಿ ಅಲ್ಲ" ಎಂದು ಅವನ ಕೈ ಚಾಚಿಸಿ ಮರದ ಅಡಿಪಟ್ಟಿಯಿಂದ ಬೆರಳುಗಳ ಮೇಲೆ ಹೊಡೆದಿದ್ದೆ. ಹಗುರವಾಗಿ ಅಲ್ಲ.

"ನಿನಗ ನೆನಪೈತೇನಪಾ?" ಎಂದು ಕೇಳಿದೆ. ಏನು ಎಂದು ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

"ಎರಡು ದಿನ ಬಾತಿದ್ದವು ಸರ್" ಎಂದ. "ರೊಟ್ಟಿ ಮುರಿಯಾಕ ಆಗಿದ್ದಿಲ್ಲ. ನಮ್ಮವ್ವ ತುತ್ತು ಮಾಡಿ ಉಣಿಸಿದ್ಲು."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹೊರಗೆ ಭತ್ತದ ಲಾರಿ ಹಾದು ಹೋಯಿತು.

"ತಪ್ಪಾತು ನನ್ನಿಂದ" ಎಂದೆ. ಬಹಳ ಸಣ್ಣ ಮಾತು ಅದು. 28 ವರ್ಷ ತಡವಾಗಿತ್ತು. ಆದರೆ ಹೇಳದೇ ಇದ್ದಿದ್ದರೆ ಆ ಗಿಟಾರನ್ನು ಮತ್ತೆ ಮುಟ್ಟಲು ನನಗೆ ಆಗುತ್ತಿರಲಿಲ್ಲ.

ಅವನು ಪರವಾಗಿಲ್ಲ ಎನ್ನಲಿಲ್ಲ. ಹಾಗೆಂದಿದ್ದರೆ ನಾನು ನಂಬುತ್ತಲೂ ಇರಲಿಲ್ಲ. ಗಿಟಾರನ್ನು ನನ್ನ ಮಡಿಲಿಗೆ ಸರಿಸಿ, "ಬರ್ರೀ ಸರ್, ಕೈ ನಿಲ್ಲಸಬ್ಯಾಡ್ರಿ. ಎಣಸ್ರಿ" ಎಂದ. ನಾನು ಎಣಿಸಿದೆ. ಅವನು ಮೇಜು ಬಾರಿಸಿದ.

ಹೋಗುವಾಗ ಒಂದು ಹೆಸರು ಹೇಳಿದ: ಫ್ರೆಡ್ಡಿ ಗ್ರೀನ್. ಅಮೆರಿಕದ ಕೌಂಟ್ ಬೇಸಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿದವರು. 1937ರಲ್ಲಿ ಸೇರಿ, 1987ರಲ್ಲಿ ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ 50 ವರ್ಷ ತಾಳದ ಗಿಟಾರನ್ನೇ ಬಾರಿಸಿದರು. ತುತ್ತೂರಿ, ಡ್ರಮ್, ಪಿಯಾನೊಗಳ ಅಷ್ಟು ದೊಡ್ಡ ತಂಡದ ನಡುವೆ ಮೂರೇ ಸ್ವರದ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಸ್ವರದ ಸಣ್ಣ ಕಾರ್ಡ್‌ಗಳು. ತಾನು ಮುಂದೆ ಬಂದು ಮೆರೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಆದರೂ ತಂಡದ ತಾಳ ಅವರ ಕೈಯಲ್ಲಿತ್ತು. ಅಪ್ಪ ಅವರ ಹೆಸರು ಕೇಳಿರಲು ಸಾಧ್ಯವಿಲ್ಲ. ಆದರೆ ಇಬ್ಬರೂ ಒಂದೇ ಊರಿನವರಂತೆ ನನಗೆ ಅನಿಸಿತು.

ಬಲಗೈಗೆ ನಿಜವಾದ ಗುರು ಸಿಕ್ಕಿದ್ದು ಮಾತ್ರ ನಮ್ಮ ಅಡುಗೆಮನೆಯಲ್ಲಿ. ನನ್ನ ಹೆಂಡತಿ ಜೋಳದ ರೊಟ್ಟಿ ಬಡಿಯುವಾಗ ತಪ್ ತಪ್ ತಪ್ ಎಂಬ ಸದ್ದು ಬರುತ್ತದಲ್ಲ, 40 ವರ್ಷದಿಂದ ಅದನ್ನು ಕೇಳಿದ್ದೇನೆ, ಆದರೆ ನೋಡಿರಲಿಲ್ಲ. ಅವಳು ರೊಟ್ಟಿಯನ್ನು ತಿರುಗಿಸುತ್ತಾಳೆ, ಹಿಟ್ಟು ಉದುರಿಸುತ್ತಾಳೆ, ಸೊಸೆಗೆ ಏನೋ ಹೇಳುತ್ತಾಳೆ. ಬಡಿತ ಮಾತ್ರ ನಿಲ್ಲುವುದಿಲ್ಲ. ರೊಟ್ಟಿ ತಿರುಗುವುದು ಎರಡು ಬಡಿತಗಳ ನಡುವಿನ ಸಂದಿನಲ್ಲಿ. ಕಾರ್ಡ್ ಬದಲಾಗಬೇಕಾದದ್ದೂ ಅದೇ ಸಂದಿನಲ್ಲಿ. ದೂರ ಹಾರಬೇಕಾದರೆ ಆ ಸಂದು ಸಾಲದು, ಪಕ್ಕದ ಮನೆಗಾದರೆ ಧಾರಾಳ ಸಾಕು. ಇನ್ವರ್ಶನ್ ಕಲಿತರೆ ತಾಳ ಸುಧಾರಿಸುತ್ತದೆ ಎಂದು ಅವನು ಹೇಳಿದ್ದರ ಅರ್ಥ ಆ ಒಲೆಯ ಮುಂದೆ ನನಗೆ ಪೂರ್ತಿ ಆಯಿತು.

ಅಂದಿನಿಂದ ದಿನವೂ ಬೆಳಿಗ್ಗೆ ಅವಳು ರೊಟ್ಟಿಗೆ ಕೂತಾಗ ನಾನು ಗಿಟಾರ್ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ಕೂರತೊಡಗಿದೆ. ಮೊದಲ ವಾರ ಒಂದೇ ಬದಲಾವಣೆ: ಸ ಕಾರ್ಡಿನಿಂದ ಮ ಕಾರ್ಡಿಗೆ, ಮತ್ತೆ ಸ ಕಾರ್ಡಿಗೆ. ಎಂಟು ಎಣಿಕೆ ಇಲ್ಲಿ, ಎಂಟು ಎಣಿಕೆ ಅಲ್ಲಿ. ಎರಡನೆಯ ವಾರ ಪ ಕಾರ್ಡ್ ಸೇರಿತು. ಮೂರನೆಯ ವಾರ ನಾಲ್ಕು ಎಣಿಕೆಗೊಮ್ಮೆ ಬದಲಾವಣೆ. ತಂತಿ ಒತ್ತಿದ ಬೆರಳನ್ನು ಎತ್ತದೆ ಸ್ವಲ್ಪ ಸಡಿಲಿಸಿದರೆ ಸ್ವರ ನಿಂತು 'ಚಕ್' ಎಂಬ ಸದ್ದು ಬರುತ್ತದೆ. ಅದು ಭಜನೆಯ ತಾಳದ ಹಾಗೆ ಎಂಬುದೂ ತಿಳಿಯಿತು. "ಇವತ್ತು ರೊಟ್ಟಿ ದಪ್ಪ ಆದ್ವು, ನಿಮ್ಮ ತಾಳ ನಿಧಾನ ಇತ್ತು" ಎಂದು ಹೆಂಡತಿ ಒಮ್ಮೆ ದೂರಿದಳು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ಹಾಡಿಗೆಲ್ಲ ಈ ಮೂರು ಕಾರ್ಡ್ ಹೊಂದುವುದಿಲ್ಲ. ಭೂಪ ರಾಗದ ಹಾಡಿನಲ್ಲಿ ಮ ಮತ್ತು ನಿ ಎರಡೂ ಇಲ್ಲ. ಅಲ್ಲಿ ಮ ಕಾರ್ಡ್ ಹಾಕಿದರೆ ಕರೆಯದ ನೆಂಟನಂತೆ ಮಧ್ಯಮ ಒಳಗೆ ಬಂದು ಕೂರುತ್ತದೆ. ಅಂಥ ಹಾಡಿಗೆ ನಾನು ಸ-ಪ ಎರಡನ್ನೇ ಮೆಲ್ಲಗೆ ನುಡಿಸುತ್ತೇನೆ, ಇಲ್ಲವೇ ಸುಮ್ಮನಿರುತ್ತೇನೆ. ಸುಮ್ಮನಿರುವುದೂ ಜೊತೆ ಬಾರಿಸುವವನು ಕಲಿಯಬೇಕಾದ ಪಾಠ.

ಬೇಸಿಗೆ ರಜೆಗೆ ಮೊಮ್ಮಗಳು ಬಂದಳು. ನಾನಾಗಿ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲಲ್ಲಿ ಮೂರು ತಂತಿ ಸವರುತ್ತಿದ್ದೆ. ಅವಳು ಬಿಸಿ ರೊಟ್ಟಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಾ, ತನಗೇ ಗೊತ್ತಿಲ್ಲದಂತೆ ಅದೇ ಜನಪದ ಹಾಡು ಗುನುಗತೊಡಗಿದಳು. ನಾನು ತಲೆ ಎತ್ತಲಿಲ್ಲ. ಎರಡು ಮನೆ ಮೇಲಕ್ಕೆ ಸರಿದೆ. ಎರಡನೆಯ ನುಡಿ ಬಂತು. ಮ ಕಾರ್ಡ್ ಬಂತು, ಹೋಯಿತು. ಮೂರನೆಯ ನುಡಿಯೂ ಮುಗಿಯಿತು. ಅವಳು ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತಳು.

"ಅಜ್ಜಾ, ಇವತ್ತು ನಾ ನಿನ್ನ ಕಾಯಲಿಲ್ಲ" ಎಂದಳು.

ಆಮೇಲೆ ನನ್ನ ಎಡಗೈ ಹಿಡಿದು, "ಅದೇನು ಸಣ್ಣ ಸಣ್ಣ ಕಾರ್ಡ್, ನನಗೂ ತೋರಸು" ಎಂದಳು. ತೋರಿಸಿದೆ. ನನಗೆ ಮೂರು ವಾರ ಹಿಡಿದದ್ದು ಅವಳಿಗೆ ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟೇ ಅಲ್ಲ, ಸ ಕಾರ್ಡಿನಲ್ಲಿ ನಡುವಿನ ಬೆರಳನ್ನು ಒಂದು ಮನೆ ಹಿಂದೆ ಸರಿಸಿ 5, 4, 3 ಮಾಡಿದರೆ ಗ ಕೋಮಲವಾಗಿ, ಅದೇ ಕಾರ್ಡ್ ದುಃಖದ ದನಿಯಾಗುತ್ತದೆ ಎಂದು ಅವಳೇ ಕಂಡುಹಿಡಿದಳು. ಅದು ಸಿ ಮೈನರ್.

ಶ್ರಾವಣ ಸೋಮವಾರ ಯಲಬುರ್ಗಾ ಕಡೆಯ ನಮ್ಮ ಹಳ್ಳಿಯ ಗುಡಿಯಲ್ಲಿ ಭಜನೆ ಇತ್ತು. ಅಪ್ಪ ಕೂರುತ್ತಿದ್ದ ಕಂಬದ ಪಕ್ಕದಲ್ಲೇ ಕೂತೆ. ಮೊಮ್ಮಗಳು ಎರಡು ಹಾಡು ಹಾಡಿದಳು. ದಮ್ಮಡಿ ಇತ್ತು, ತಾಳ ಇತ್ತು, ನನ್ನ ಮೂರು ತಂತಿ ಇತ್ತು. ಮುಗಿದ ಮೇಲೆ ಊರಿನ ಹಿರಿಯರೆಲ್ಲ ಅವಳ ತಲೆ ಸವರಿ, "ಹುಡುಗಿ ಭಾಳ ಛಲೋ ಹಾಡಿದ್ಲು" ಎಂದರು. ಗಿಟಾರಿನ ವಿಷಯ ಒಬ್ಬರೂ ಎತ್ತಲಿಲ್ಲ. ಪ್ರಸಾದದ ಮಂಡಕ್ಕಿ ತಿನ್ನುತ್ತಾ ನಾನು ಕಾದು ನೋಡಿದೆ. ಕೊನೆಯವರೆಗೂ ಯಾರೂ ಎತ್ತಲಿಲ್ಲ.

ನನಗೆ ಬಹಳ ಸಂತೋಷವಾಯಿತು.

ರಾತ್ರಿ ಗಂಗಾವತಿಯ ಹುಡುಗನಿಗೆ ಫೋನ್ ಮಾಡಿ ಹೇಳಿದೆ. ಅವನು ನಕ್ಕು, "ಪಾಸಾದ್ರಿ ಸರ್" ಎಂದ. ಹುಡುಗ ಎನ್ನುತ್ತಿದ್ದೇನೆ, ಅವನಿಗೇ ಈಗ ಇಬ್ಬರು ಮಕ್ಕಳು. ಹಿರಿಯ ಮಗ ತರಗತಿಯಲ್ಲಿ ಬೆಂಚು ಬಾರಿಸುತ್ತಾನೆ ಎಂದು ಶಾಲೆಯಿಂದ ದೂರು ಬಂದಿದೆಯಂತೆ. "ಏನು ಮಾಡ್ಲಿ ಸರ್?" ಎಂದು ಕೇಳಿದ.

"ಅವನ್ನ ಶನಿವಾರ ಸಂಜೀಕ ಕೂಡ್ರಿಸಿಕೋ" ಎಂದೆ. "ನಾನೂ ಬರ್ತೀನಿ. ಮೂರು ಮಂದಿ ಬಾರಸೋಣು."

ಆರು ತಂತಿಯ ಎಫ್ ನನಗೆ ಇನ್ನೂ ಬಂದಿಲ್ಲ. ಬರುವುದೂ ಇಲ್ಲ. ಅಪ್ಪನ ಪೇಟಿಯ ಸತ್ತ ಎರಡು ಮನೆಗಳನ್ನು ಮಾತ್ರ ಮುಂದಿನ ವಾರ ರಿಪೇರಿ ಮಾಡಿಸಬೇಕು. ಮೊಮ್ಮಗಳು ಅದನ್ನೂ ಕೇಳಿದ್ದಾಳೆ.